ಸೋದರಮಾವನ ಮಾಸ್ಕ್

ಈಗ ಮುಂಬಯಿಯಲ್ಲಿ ಯಾರಿಗೂ ಕೋವಿಡ್ ಬರುವುದಿಲ್ಲ. ವೈರಲ್ ಬರುತ್ತದೆ. ಥ್ರೋಟ್ ಬರುತ್ತದೆ. ಹವಾ ಬದಲಾಗುತ್ತದೆ, ಮೆಟ್ರೋ ಅಗೆತದ ಧೂಳು ಏಳುತ್ತದೆ, ನಿನ್ನೆ ತಿಂದ ಕುಲ್ಫಿ ಕೈಕೊಡುತ್ತದೆ. ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಜ್ವರ ಬಂದು ಮಲಗಿ, ಬಾಯಿಗೆ ರುಚಿಯಿಲ್ಲ ಎಂದು ನರಳಿ ಎದ್ದರೂ ಅದು ಕುಲ್ಫಿಯ ತಪ್ಪೇ. "ಟೆಸ್ಟ್ ಮಾಡಿಸಿದ್ರಾ?" ಎಂದು ಕೇಳಿ ನೋಡಿ, ಅವರ ಮನೆತನಕ್ಕೇ ಮಸಿ ಬಳಿದ ಹಾಗೆ ಮುಖ ಮಾಡುತ್ತಾರೆ.

ಹೀಗೆ ಕೇಳುವ ಪಾಪಿ ನಮ್ಮ ಇಡೀ ಸಯನ್ ಬಡಾವಣೆಯಲ್ಲಿ ನಾನೊಬ್ಬಳೇ ಇರಬೇಕು. ಲೋಕಲ್ ರೈಲಿನಲ್ಲಿ ಮಾಸ್ಕ್ ಹಾಕಿ ನಿಂತರೆ, ನನಗೇ ಏನೋ ರೋಗ ಎಂದುಕೊಂಡು ಪಕ್ಕದವಳು ಸರಿದು ನಿಲ್ಲುತ್ತಾಳೆ. ಬಿಲ್ಡಿಂಗಿನ ಲಿಫ್ಟಿನಲ್ಲಿ ಸಿಕ್ಕವರು "ಅಭೀ ಭೀ, ಆಂಟಿ?" ಇನ್ನೂ ಮಾಸ್ಕ್ ಬಿಟ್ಟಿಲ್ಲವೇ ಎಂದು ನಗುತ್ತಾರೆ, ನಕ್ಕು ಅಲ್ಲೇ ಒಂದು ಸಲ ಕೆಮ್ಮುತ್ತಾರೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಒಬ್ಬ ಹಿರಿಯರು ನನ್ನೆದುರಿಗೇ ಅಂದಿದ್ದರು. ಅನ್ನಲಿ. ಅವರ ಮನೆಯಲ್ಲಿ ಇರುವುದು ಅವರವರ ಕಿಡ್ನಿಗಳೇ.

ನಮ್ಮ ಮನೆಯಲ್ಲಿ ಹಾಗಲ್ಲ. ನಮ್ಮ ಯಜಮಾನರ ಕಿಬ್ಬೊಟ್ಟೆಯಲ್ಲಿ ಇರುವುದು ಅವರ ಅಕ್ಕನ ಕಿಡ್ನಿ. ಇವರ ಸ್ವಂತದವು ಎರಡೂ ಕೈಬಿಟ್ಟಾಗ ಅತ್ತಿಗೆ ಹಿಂದೆಮುಂದೆ ನೋಡದೆ ಒಂದನ್ನು ತೆಗೆದುಕೊಟ್ಟರು. ಹೊರಗಿನ ಈ ಕಿಡ್ನಿಯನ್ನು ಮೈ ಒದ್ದೋಡಿಸದಿರಲಿ ಎಂದು, ಮೈಯ ಕಾದಾಡುವ ಶಕ್ತಿಯನ್ನೇ ಮಾತ್ರೆ ಕೊಟ್ಟು ಮಲಗಿಸಿದ್ದಾರೆ. "ಉಳಿದವರಿಗೆ ಇದು ನಾಲ್ಕು ದಿನದ ಜ್ವರ. ನಿಮಗೆ ಬಂದರೆ ಕಿಡ್ನಿಯೂ ಹೋಗಬಹುದು, ನೀವೂ ಹೋಗಬಹುದು" ಎಂದು ಡಾಕ್ಟರು ನನ್ನ ಮುಂದೆಯೇ ಹೇಳಿದ್ದಾರೆ. ಆ ಮಾತನ್ನು ನಾನು ಮರೆತಿಲ್ಲ. ಇವರು ಲಿಫ್ಟ್ ಇಳಿಯುವಷ್ಟರಲ್ಲಿ ಮರೆತಿದ್ದರು.

ನಮ್ಮವರಿಗೆ ಜನ ಬೇಕು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಮಾತಾಡಿ ಮಾತಾಡಿ ರೂಢಿಯಾದ ಬಾಯಿ, ನಿವೃತ್ತಿ ಸಿಕ್ಕರೂ ಅದಕ್ಕೆ ನಿವೃತ್ತಿಯಿಲ್ಲ. ಪೇಪರ್ ತರುತ್ತೇನೆಂದು ಕೆಳಗಿಳಿದರೆ ಅರ್ಧ ರಸ್ತೆಯ ಯೋಗಕ್ಷೇಮ ವಿಚಾರಿಸಿ ಬರುತ್ತಾರೆ. ಮಾಸ್ಕ್ ಇರುತ್ತದೆ, ಗಲ್ಲದ ಮೇಲೆ. "ರೀ, ಗಲ್ಲಕ್ಕೆ ಕೋವಿಡ್ ಬರಲ್ಲ, ಮೂಗಿಗೆ ಬರೋದು" ಎಂದರೆ, "ನಿಂದು ಅತಿಯಾಯ್ತು ಕಣೇ, ಮಾತಾಡೋವಾಗ ಉಸಿರು ಕಟ್ಟತ್ತೆ" ಎನ್ನುತ್ತಾರೆ. ಹಾಗಾದರೆ ಮಾತಾಡಬೇಡಿ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಇಂಥದ್ದರಲ್ಲಿ ಅತ್ತಿಗೆಯ ಮಗಳ ಮದುವೆ ಗೊತ್ತಾಯಿತು. ಬೊರಿವಲಿಯಲ್ಲಿ ಹಾಲ್, ಭಾನುವಾರ ಬೆಳಗಿನ ಮುಹೂರ್ತ, ಹಿಂದಿನ ಸಂಜೆ ವರಪೂಜೆ. ನಮ್ಮ ಕಡೆ ಹುಡುಗಿಯನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಹುಡುಗಿಗೆ ಇರುವ ಸೋದರಮಾವ ಇವರೊಬ್ಬರೇ. ಆಪರೇಷನ್‌ಗೆ ಮುಂಚೆ ಸ್ಟ್ರೆಚರ್ ಮೇಲೆ ಮಲಗಿದ್ದಾಗ ಕೂಡ ಇವರು ಹೇಳಿದ್ದು ಒಂದೇ ಮಾತು: "ಆ ಹುಡುಗೀನ ಮಂಟಪಕ್ಕೆ ಕರ್ಕೊಂಡು ಹೋಗೋವರೆಗಾದ್ರೂ ಇದ್ರೆ ಸಾಕು." ಹಾಗಾಗಿ ಹೋಗಬೇಡಿ ಎನ್ನುವ ಪ್ರಶ್ನೆಯೇ ಇರಲಿಲ್ಲ. ಹೋಗಬೇಕು, ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕು, ಏನೂ ಅಂಟಿಸಿಕೊಳ್ಳದೆ ಮನೆ ಸೇರಬೇಕು. ಅತ್ತ ದರಿ, ಇತ್ತ ಪುಲಿ.

ನಾನು ಫೋನ್ ಮಾಡಿ ಅತ್ತಿಗೆಗೆ ಹೇಳಿದೆ: "ವರಪೂಜೆಗೆ ಬರಲ್ಲ. ಎಸಿ ಹಾಕಿ, ಕಿಟಕಿ ಮುಚ್ಚಿ, ಅಷ್ಟೂ ಜನ ತಬ್ಬಿಕೊಂಡು ಮಾತಾಡಿಸ್ತಾರೆ. ಬೆಳಗ್ಗೆ ಮುಹೂರ್ತಕ್ಕೆ ಸರಿಯಾಗಿ ಬರ್ತೀವಿ."

"ಏನೇ ನೀನು! ನಾನು ಕಿಡ್ನಿ ಕೊಟ್ಟಿದ್ದು ಅವನು ಬದುಕಲಿ ಅಂತ ಕಣೇ. ನೀನು ಅದಕ್ಕೆ ಬೀಗ ಹಾಕಿ ಕೂರಿಸಿದ್ದೀಯ. ಬೇಡ ಅಂದ್ರೆ ವಾಪಸ್ ಕೊಟ್ಬಿಡಿ, ನಾನೇ ಇಟ್ಕೋತೀನಿ!"

ಆ ಮಾತೋ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನಾನು ಫೋನ್ ಇಟ್ಟು ಕೆಮಿಸ್ಟ್ ಅಂಗಡಿಗೆ ಹೋಗಿ, ಮನೆಯಲ್ಲೇ ಮೂಗಿಗೆ ಕಡ್ಡಿ ಹಾಕಿ ನೋಡಿಕೊಳ್ಳುವ ಟೆಸ್ಟ್ ಕಿಟ್‌ಗಳನ್ನು ಕೊಂಡು ಬೊರಿವಲಿಗೆ ಕಳಿಸಿದೆ. ತಲುಪಿದ ತಕ್ಷಣ ಅತ್ತಿಗೆಯ ಫೋನ್ ಬಂತು. "ಮದುವೆ ಮನೆಗೆ ಯಾರಾದ್ರೂ ಮೂಗಿಗೆ ಹಾಕೋ ಕಡ್ಡಿ ಕಳಿಸ್ತಾರೇನೇ? ಸೀರೆ ಕಳಿಸ್ತಾರೆ!"

ಅತ್ತಿಗೆಯದು ಹಾಗಿರಲಿ, ಆ ವಾರ ನನ್ನ ಕೆಲಸದ ಜಾಗವೇ ನನ್ನನ್ನು ಮುಳುಗಿಸಲು ಹೊರಟಿತ್ತು. ನಾನು ಡಬ್ಬಿಂಗ್ ಕಲಾವಿದೆ. ಹಿಂದಿ ಸೀರಿಯಲ್‌ಗಳು ಕನ್ನಡಕ್ಕೆ ಬರುವಾಗ ಅವುಗಳ ತಾಯಂದಿರಿಗೆ, ಅತ್ತೆಯಂದಿರಿಗೆ ದನಿ ಕೊಡುತ್ತೇನೆ. ಅಂಧೇರಿಯಲ್ಲಿ ಸ್ಟುಡಿಯೋ. ಹೊರಗಿನ ಸದ್ದು ಒಳಗೆ ಬರಬಾರದೆಂದು ಗೋಡೆಗೆಲ್ಲ ಸ್ಪಂಜು ಮೆತ್ತಿದ, ಕಿಟಕಿಯೇ ಇಲ್ಲದ ಪುಟ್ಟ ಕೋಣೆ. ಸದ್ದು ಬರದ ಜಾಗಕ್ಕೆ ಗಾಳಿ ಎಲ್ಲಿಂದ ಬರಬೇಕು? ನಡುವೆ ಒಂದು ಮೈಕು, ಅದರ ಮುಂದೆ ಉಗುಳು ತಡೆಯಲು ಒಂದು ಕಪ್ಪು ಬಲೆ. ಬೆಳಗಿನಿಂದ ಸಂಜೆಯವರೆಗೆ ಬಂದವರೆಲ್ಲ ಅದೇ ಬಲೆಗೆ ಮೂಗು ತಾಗಿಸಿ ಅತ್ತು, ಕಿರುಚಿ, ನಕ್ಕು ಹೋಗುತ್ತಾರೆ. ಅದನ್ನು ಒರೆಸಿ ಎಂದು ನಾನು ಹೇಳಿದ್ದಕ್ಕೆ ನನಗೆ ಅಲ್ಲಿ "ಸ್ಯಾನಿಟೈಸರ್ ಮೇಡಂ" ಎಂದು ಹೆಸರಿದೆ.

ಸೋಮವಾರ ನನ್ನ ಪಾತ್ರದ ಮಗ, ಅಂದರೆ ಸೀರಿಯಲ್ಲಿನ ಖಳನಾಯಕ, ಗುಂಡೇಟು ತಿಂದು ಆಸ್ಪತ್ರೆಯ ಹಾಸಿಗೆಯಲ್ಲಿ ಸಾಯುವ ದೃಶ್ಯ. ಅವನಿಗೆ ದನಿ ಕೊಡುವವರು ಕರಾವಳಿ ಕಡೆಯ ಒಳ್ಳೆಯ ಮನುಷ್ಯ, ನನ್ನ ಹಳೆಯ ಸಹೋದ್ಯೋಗಿ. ಅವರು ಒಳಗೆ ಬಂದು ನಮಸ್ಕಾರ ಎಂದದ್ದೇ ತಡ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಗಂಟಲು ಒಡೆದ ಮಡಕೆಯ ಹಾಗಿತ್ತು, ಕಣ್ಣು ಕೆಂಪಗಿತ್ತು.

"ಜ್ವರ ಇದೆಯಾ ನಿಮಗೆ?" ಎಂದೆ.

"ಎಂಥ ಜ್ವರ ಮಾರಾಯ್ರೆ, ಬರೀ ಧೂಳು."

"ಟೆಸ್ಟ್ ಮಾಡಿಸಿದ್ರಾ?"

"ಮಾಡಿಸಿದ್ರೆ ಅಲ್ವಾ ಬರುದು? ನಾನು ಮಾಡಿಸುದೇ ಇಲ್ಲ!"

ನಾನು ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಆಚೆ ಕೂತಿದ್ದ ನಮ್ಮ ಡೈರೆಕ್ಟರು, ಹುಬ್ಬಳ್ಳಿ ಕಡೆಯವರು, ಕುರ್ಚಿಯಿಂದ ಎದ್ದೇಬಿಟ್ಟರು. ಸ್ಪೀಕರಿನಲ್ಲಿ ಅವರ ಆನಂದ ಕೇಳಿಸಿತು. "ಇದಽ ನೋಡ್ರಿ! ಇದಽ ಗಂಟಲಾ ನನಗ ಬೇಕಾಗಿತ್ತು! ಇಷ್ಟ ದಿನಾ ಎಲ್ಲಿ ಇಟ್ಟಿದ್ರಿ ಇದನ್ನ? ಸಾಯೋ ಸೀನ್ ಎಲ್ಲಾ ಇವತ್ತಽ ಮುಗಿಸಿಬಿಡೂಣು. ನಾಳೆ ಆರಾಮ ಆದ್ರ ಈ ದನಿ ಎಲ್ಲಿಂದ ತರೂದು?" ಚಹಾದವನು ಪಾಪ ನನ್ನ ಸಹೋದ್ಯೋಗಿಗೊಂದು ಲೋಟ ಬಿಸಿನೀರು ತಂದಿದ್ದ. ಡೈರೆಕ್ಟರು ಗಾಜಿನಾಚೆಯಿಂದಲೇ ಕೂಗಿದರು: "ಏ, ಬಿಸಿನೀರು ಕೊಡಬ್ಯಾಡೋ ಅವರಿಗೆ, ಗಂಟಲಾ ಬಿಟ್ಟುಬಿಡ್ತದ!"

ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಸುಬಿನಲ್ಲಿ ಕಿವಿಗೇ ಎಲ್ಲ ಬೆಲೆ. ದನಿ ಹೇಗಿದೆ ಎಂಬುದೊಂದೇ ಪ್ರಶ್ನೆ. ಆ ದನಿ ಯಾಕೆ ಹಾಗಿದೆ ಎಂದು ಕೇಳುವವರು ಯಾರೂ ಇಲ್ಲ. ಜೊತೆಗೆ, ಈಗೀಗ ಒಬ್ಬೊಬ್ಬರದೇ ಬೇರೆ ಬೇರೆ ರೆಕಾರ್ಡ್ ಮಾಡುವುದು ವಾಡಿಕೆಯಾದರೂ ನಮ್ಮ ಡೈರೆಕ್ಟರಿಗೆ ಅಳುವ ದೃಶ್ಯಕ್ಕೆ ಇಬ್ಬರೂ ಒಟ್ಟಿಗೆ ನಿಲ್ಲಬೇಕು. "ತಾಯಿ ಮಗಾ ಬ್ಯಾರೆ ಬ್ಯಾರೆ ಅತ್ರ ಅಳು ಕೂಡೂದಿಲ್ರಿ ಮೇಡಂ" ಎಂದರು.

"ಅಳು ಕೂಡದಿದ್ರೆ ಹಾಳಾಗಿ ಹೋಗ್ಲಿ. ನನ್ನ ಮನೇಲಿ ಒಬ್ಬರಿದ್ದಾರೆ, ಅವರಿಗಾಗಿ ನಾನು ನಿಜವಾಗಿ ಅಳೋ ಹಾಗೆ ಮಾಡಬೇಡಿ" ಎಂದು ಚೀಲ ಹೆಗಲಿಗೆ ಹಾಕಿಕೊಂಡೆ. ಆಗ ಡೈರೆಕ್ಟರು ಬಗ್ಗಿ, ಮಗನ ದನಿಯವರದನ್ನು ಮೊದಲು ಬೇರೆಯಾಗಿ ರೆಕಾರ್ಡ್ ಮಾಡಿದರು. ಅವರು ಸತ್ತು ಹೊರಗೆ ಬಂದ ಮೇಲೆ ಬಾಗಿಲು ತೆರೆದಿಡಿಸಿ, ಎಲ್ಲಿಂದಲೋ ಒಂದು ಟೇಬಲ್ ಫ್ಯಾನ್ ತರಿಸಿ ಗಾಳಿ ಹಾಯಿಸಿ, ಆ ಬಲೆಯನ್ನು ಬದಲಾಯಿಸಿ, ಕೊನೆಗೆ ನಾನೊಬ್ಬಳೇ ಒಳಗೆ ಹೋಗಿ ಇಲ್ಲದ ಮಗನಿಗಾಗಿ ಅತ್ತೆ. ಮಾಸ್ಕ್ ಹಾಕಿಕೊಂಡೇ ಅಳಲು ನೋಡಿದೆ. ಕೊಡದೊಳಗಿಂದ ಅತ್ತ ಹಾಗೆ ಕೇಳಿಸುತ್ತದೆ ಎಂದು ತೆಗೆಸಿದರು. ಅಳು ಚೆನ್ನಾಗಿ ಬಂತಂತೆ. ಬರದೆ ಏನು, ಸಿಟ್ಟಿಗೆ ಕಣ್ಣೀರು ತಾನಾಗಿಯೇ ಬರುತ್ತಿತ್ತು.

ಮರುದಿನ ಆ ಸಹೋದ್ಯೋಗಿಯಿಂದ ಮೆಸೇಜ್ ಬಂತು. ಹೆಂಡತಿ ಬಲವಂತವಾಗಿ ಟೆಸ್ಟ್ ಮಾಡಿಸಿದರಂತೆ, ಪಾಸಿಟಿವ್. "ನೀವು ಹೇಳಿದ್ದು ಹೌದು ಮಾರಾಯ್ರೆ, ಸಾರಿ" ಎಂದು ಬರೆದಿದ್ದರು. ಡೈರೆಕ್ಟರಿಗೆ ಫೋನ್ ಮಾಡಿ ಹೇಳಿದರೆ, "ಅಯ್ಯೋ, ಎರಡ ಡೈಲಾಗ್ ಉಳದಿತ್ತಲ್ರೀ!" ಎಂದರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮನೆಯಲ್ಲಿ ವಿಷಯ ಹೇಳಿ ನಾನು ಹಾಸಿಗೆ ಎತ್ತಿಕೊಂಡು ಹಾಲ್‌ಗೆ ಬಂದೆ. ಇವರು ರೂಮಿನಲ್ಲಿ, ನಾನು ಹಾಲ್‌ನಲ್ಲಿ, ನಡುವೆ ಮುಚ್ಚಿದ ಬಾಗಿಲು. ಒಂದೇ ಬೆಡ್‌ರೂಮಿನ ಮನೆಯಲ್ಲಿ ಗಂಡನಿಂದ ದೂರ ಇರುವುದೆಂದರೆ ಸುಮ್ಮನೆ ಅಲ್ಲ. ಅವರು ಬಚ್ಚಲಿಗೆ ಬರುವಾಗ ನಾನು ಅಡುಗೆಮನೆಗೆ ಓಡಬೇಕು, ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ನನ್ನದೇ ಉಸಿರಿನ ಭಯ. ಬಾಗಿಲಾಚೆಯಿಂದ ಇವರು, "ಊರಿಗೆಲ್ಲ ಬುದ್ಧಿ ಹೇಳಿ ಕೊನೆಗೆ ತಂದಿದ್ದು ನೀನೇ ಅಲ್ವೇನೇ?" ಎಂದು ಕಿಚಾಯಿಸುತ್ತಿದ್ದರು. ಆ ಕಿಚಾಯಿಸುವ ದನಿಯ ಹಿಂದೆ ಹೆದರಿಕೆ ಇತ್ತು. ದನಿ ನನ್ನ ಕಸುಬಲ್ಲವೇ, ನನಗೆ ತಿಳಿಯುತ್ತದೆ. ಅವರು ಸಾವಿಗೆ ಹೆದರಿರಲಿಲ್ಲ. ಭಾನುವಾರ ತಪ್ಪಿ ಹೋದೀತೆಂದು ಹೆದರಿದ್ದರು. ದಿನಾ ಬೆಳಗ್ಗೆ ನಾನು ಮೂಗಿಗೆ ಕಡ್ಡಿ ಹಾಕಿ ಕೂತರೆ, "ಎಷ್ಟು ಗೆರೆ?" ಎಂದು ಒಳಗಿನಿಂದ ಕೇಳುತ್ತಿದ್ದರು. "ಒಂದೇ" ಎಂದರೆ ಫ್ಯಾನಿನ ಸದ್ದಿನ ಮೇಲೂ ಅವರ ನಿಟ್ಟುಸಿರು ಕೇಳಿಸುತ್ತಿತ್ತು.

ಭಾನುವಾರದವರೆಗೂ ಒಂದೇ ಗೆರೆ, ಅಂದರೆ ನೆಗೆಟಿವ್. ನನಗೆ ಒಂದು ಸೀನೂ ಬರಲಿಲ್ಲ. ಇಬ್ಬರೂ ಮೂಗು ಬಾಯಿ ಬಿಗಿಯಾಗಿ ಮುಚ್ಚುವ ಮಾಸ್ಕ್ ಹಾಕಿ ಟ್ಯಾಕ್ಸಿ ಹತ್ತಿದೆವು. ಕಿಟಕಿ ಇಳಿಸಿ ಎಂದದ್ದಕ್ಕೆ ಡ್ರೈವರ್ ಬೊರಿವಲಿಯವರೆಗೂ ಗೊಣಗಿದ. ಇವರು ರೇಷ್ಮೆ ಪಂಚೆಯಲ್ಲಿ, ಹೆಗಲಿಗೆ ಶಲ್ಯ ಹೊದ್ದು, ಸಣ್ಣ ಹುಡುಗನ ಹಾಗೆ ಕೂತಿದ್ದರು.

ಹಾಲ್‌ನ ಗೇಟಿನ ಹತ್ತಿರ ಇಳಿಯುತ್ತಿದ್ದಂತೆ ನನ್ನ ಫೋನ್ ಬಡಿಯಿತು. ಅತ್ತಿಗೆ. "ಅವನನ್ನ ಮುಂದಿನ ಬಾಗಿಲಿಂದ ಒಳಗೆ ಕಳಿಸು. ನೀನೊಬ್ಬಳೇ ಹಿಂದೆ ಪಾರ್ಕಿಂಗ್ ಹತ್ತಿರ ಬಾ. ಅವನಿಗೆ ಏನೂ ಹೇಳಬೇಡ."

ಮದುವಣಗಿತ್ತಿಯ ತಾಯಿಗೆ ಮುಹೂರ್ತದ ಹೊತ್ತಿನಲ್ಲಿ ಪಾರ್ಕಿಂಗ್‌ನಲ್ಲಿ ಏನು ಕೆಲಸ? ವರಪೂಜೆಗೆ ಬರದ ಸಿಟ್ಟು ತೀರಿಸಿಕೊಳ್ಳಲು ಕರೆದಿದ್ದಾರೆ ಎಂದುಕೊಂಡೆ. ಜಗಳಕ್ಕೆ ಮಾತು ಜೋಡಿಸಿಕೊಂಡೇ ಹೋದೆ. ಅಲ್ಲಿ ನಿಲ್ಲಿಸಿದ ಸ್ಕೂಟರ್‌ಗಳ ಆಚೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಧಾರೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಅತ್ತಿಗೆ ಕೂತಿದ್ದರು. ಮುಖಕ್ಕೆ ಮಾಸ್ಕ್.

"ಅಲ್ಲೇ ನಿಲ್ಲು, ಹತ್ರ ಬರಬೇಡ" ಎಂದರು. "ಬೆಳಗಿನ ಜಾವ ಮೈ ಬಿಸಿಯಾಯ್ತು. ನೀನು ಕಳಿಸಿದ ಕಡ್ಡಿ ಹಾಕ್ಕೊಂಡು ನೋಡಿದೆ ಕಣೇ. ಎರಡು ಗೆರೆ."

"ಮದುಮಗಳು?"

"ಅವಳಿಗೂ ಹಾಕಿದೆ, ಅವರಪ್ಪನಿಗೂ ಹಾಕಿದೆ. ಮೇಕಪ್‌ನವಳು ನನ್ನ ಮೇಲೆ ಹಾರಾಡಿದ್ಲು. ಇಬ್ಬರದೂ ಒಂದೇ ಗೆರೆ."

"ನಿನ್ನೆ ವರಪೂಜೆಗೆ ಬಂದವರೆಲ್ಲ?"

"ಅವರಿಗೆಲ್ಲ ವೈರಲ್ ಬರತ್ತೆ ಬಿಡು" ಎಂದರು ಅತ್ತಿಗೆ. ನಗುವುದೋ ಅಳುವುದೋ! ಮನೆಮನೆಗೆ ಕುಂಕುಮ ಹಿಡಿದು ಕರೆಯಲು ಹೋದದ್ದು, ಹೋದಲ್ಲೆಲ್ಲ ಕಾಫಿ ಕುಡಿದದ್ದು. ಅತ್ತಿಗೆಗೆ ಇನ್ನೆಲ್ಲಿಂದ ಅಂಟಬೇಕು?

"ನೀವು ಮಂಟಪಕ್ಕೆ ಬರದಿದ್ರೆ ಧಾರೆ ಎರೆಯೋರು ಯಾರು ಅತ್ತಿಗೆ?"

"ಧಾರೆಗೆ ದಂಪತಿ ಬೇಕಲ್ಲ, ಹುಡುಗಿಯ ದೊಡ್ಡಪ್ಪ ದೊಡ್ಡಮ್ಮ ಎರೀತಾರೆ. ಪುರೋಹಿತರ ಹತ್ರ ಮಾತಾಡಿದ್ದೀನಿ. ನನಗೆ ಬಿಪಿ ಅಂತ ಹೇಳಿಸಿದ್ದೀನಿ."

"ನೀವೇ ಎರೀರಿ. ಇವರನ್ನ ನಾನು ಮನೆಗೆ ಕರ್ಕೊಂಡು ಹೋಗ್ತೀನಿ. ಹೆತ್ತ ತಾಯಿ ನೀವು."

"ಮುಚ್ಚು ಬಾಯಿ!" ಅತ್ತಿಗೆ ಕುರ್ಚಿಯಿಂದ ಅರ್ಧ ಎದ್ದರು. "ಸ್ಟ್ರೆಚರ್ ಮೇಲೆ ಅವನು ಏನಂದ ಅಂತ ನೀನೊಬ್ಬಳೇ ಕೇಳಿಸ್ಕೊಂಡಿದ್ದಾ? ಪಕ್ಕದ ಸ್ಟ್ರೆಚರ್ ಮೇಲೆ ನಾನೇ ಮಲಗಿದ್ದೆ. ಹೋಗು, ಹೋಗಿ ಅವನ ಮಾಸ್ಕ್ ನೋಡ್ಕೋ."

ನಾನು ಒಳಗೆ ಹೋದೆ. ಇವರು ಹುಡುಗಿಯ ಕೈ ಹಿಡಿದು ಆಗಲೇ ಹೊರಟಿದ್ದರು. ಹುಡುಗಿ ಕೈಯಲ್ಲಿ ತೆಂಗಿನಕಾಯಿ ಹಿಡಿದು ತಲೆ ಬಗ್ಗಿಸಿ ಬರುತ್ತಿದ್ದಳು. ಇವರ ಹೆಜ್ಜೆ ಒಮ್ಮೆ ತಡವರಿಸಿತು, ಎದೆ ಮಾತ್ರ ಮುಂದಿತ್ತು. ವಿಡಿಯೋದವನು ಅಡ್ಡ ಬಂದು, "ಅಂಕಲ್, ಮಾಸ್ಕ್ ನಿಕಾಲೋ ನಾ, ಫೇಸ್ ನಹೀ ಆ ರಹಾ" ಎಂದ. ಇವರ ಕೈ ಕಿವಿಯ ಕಡೆಗೆ ಏರಿತು. "ತೆಗೆದ್ರೆ ನೋಡಿ!" ಎಂದು ನಾನು ಹಾಲ್‌ನ ಆ ತುದಿಯಿಂದ ಕೂಗಿದೆ. ಸೀರಿಯಲ್ ಅತ್ತೆಯರಿಗೆ ಪಳಗಿದ ಗಂಟಲು, ಓಲಗದವರೂ ಒಂದು ಗಳಿಗೆ ನಿಲ್ಲಿಸಿಬಿಟ್ಟರು. ಜನ ನಕ್ಕರು. ನಗಲಿ. ಕೈ ಕೆಳಗಿಳಿಯಿತು.

ಗಟ್ಟಿಮೇಳ ಆಯಿತು, ಅಕ್ಷತೆ ಬಿತ್ತು, ಹುಡುಗಿ ಮಂಟಪದಿಂದ ಕತ್ತು ತಿರುಗಿಸಿ ತಿರುಗಿಸಿ ತಾಯಿಯನ್ನು ಹುಡುಕುತ್ತಿದ್ದಳು. ಇವರು ಇಳಿದು ಬಂದವರೇ ನನ್ನ ಮೇಲೆ ಹರಿಹಾಯ್ದರು. "ಅಕ್ಕ ಎಲ್ಲಿ? ಬಿಪಿಯಂತೆ! ಅವಳಿಗೆ ಯಾವತ್ತು ಬಿಪಿ ಇತ್ತು? ನಿನ್ನೆ ಬರಲಿಲ್ಲ ಅಂತ ಕೋಪ ಅವಳಿಗೆ, ನನ್ನ ಮುಖ ನೋಡೋಕೆ ಇಷ್ಟ ಇಲ್ಲ. ಎಲ್ಲ ನಿನ್ನಿಂದ!" ಕಣ್ಣಲ್ಲಿ ನೀರು ತುಂಬಿತ್ತು. ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹೇಳಿಬಿಟ್ಟೆ.

ಇವರು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು: "ಅವಳು ಊಟ ಮಾಡಿದ್ಲಾ?"

ಮಾಡಿರಲಿಲ್ಲ. ಮಗಳ ಧಾರೆ ಮುಗಿಯುವವರೆಗೆ ಹೆತ್ತವರು ಉಪವಾಸ. ತಾನು ಎರೆಯದ ಧಾರೆಗೂ ಅತ್ತಿಗೆ ಹೊಟ್ಟೆಗೆ ಏನೂ ಹಾಕದೆ ಕೂತಿದ್ದರು. ಇವರು ಸೀದಾ ಅಡುಗೆಯವರ ಹತ್ತಿರ ಹೋಗಿ ಎರಡು ತಟ್ಟೆ ಊಟ ಬಡಿಸಿಕೊಂಡು ಪಾರ್ಕಿಂಗ್‌ಗೆ ಹೊರಟರು. ನಾನು ಹಿಂದೆ ಓಡಿದೆ. ಒಂದು ತಟ್ಟೆಯನ್ನು ಒಂದು ಸ್ಕೂಟರಿನ ಸೀಟಿನ ಮೇಲಿಟ್ಟು ಹಿಂದೆ ಸರಿದು ನಿಂತರು. ಅತ್ತಿಗೆ ಎದ್ದು ಬಂದು ಅದನ್ನೆತ್ತಿಕೊಂಡು ತಮ್ಮ ಕುರ್ಚಿಗೆ ವಾಪಸಾದರು. ಇವರು ಈ ತುದಿಯಲ್ಲಿ ಕಟ್ಟೆಯ ಮೇಲೆ, ಅವರು ಆ ತುದಿಯಲ್ಲಿ, ನಡುವೆ ಸ್ಕೂಟರ್‌ಗಳ ಸಾಲು. ತೆರೆದ ಆಕಾಶದ ಕೆಳಗೆ ಇಬ್ಬರೂ ಮಾಸ್ಕ್ ತೆಗೆದರು. ಅಕ್ಕ ತಮ್ಮನನ್ನು ದಿಟ್ಟಿಸಿ ನೋಡಿದರು.

"ನಡೆಯೋವಾಗ ಎಡವಿದ್ಯಂತೆ?" ಎಂದು ಅತ್ತಿಗೆ ಆ ತುದಿಯಿಂದ ಕೂಗಿದರು.

"ಯಾರು ಹೇಳಿದ್ದು? ಸರಿಯಾಗೇ ಕರ್ಕೊಂಡು ಹೋದೆ!" ಇವರು ಈ ತುದಿಯಿಂದ ಕೂಗಿದರು. ತಲೆ ತಗ್ಗಿಸಿ ಉಪ್ಪಿನಕಾಯಿಗೆ ಬೆರಳಿಟ್ಟರು.

"ಏ! ಉಪ್ಪಿನಕಾಯಿ ಬಿಡು! ಉಪ್ಪು ಆಗಲ್ಲ ನಿನಗೆ!"

ಅದೇ ಮಾತನ್ನು ನಾನು ದಿನಕ್ಕೆ ಎರಡು ಹೊತ್ತು ಹೇಳುತ್ತೇನೆ, ಆ ಕಿವಿಗೆ ಹೋಗುವುದೇ ಇಲ್ಲ. ಈಗ ಇವರು ಉಪ್ಪಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿ, ಅಕ್ಕನಿಗೆ ಕಾಣುವ ಹಾಗೆ ತಟ್ಟೆಯನ್ನು ಎತ್ತಿ ತೋರಿಸಿದರು.